ನೊಣಕ್ಕೂ ಒಂದು ಹದ

ಮಳೆ ಬಿದ್ದು, ಆಮೇಲೆ ಎಂಟು ಹತ್ತು ದಿನ ಬಿಸಿಲು ಕಾದರೆ ನಮ್ಮೂರಲ್ಲಿ ಎರಡು ಬೆಳೆ ಏಳುತ್ತವೆ. ಹೊಲದಲ್ಲಿ ಹೆಸರು, ತಿಪ್ಪೆಯಲ್ಲಿ ನೊಣ. ಹೆಸರು ಎದ್ದದ್ದನ್ನು ಎಲ್ಲರೂ ಬದುವಿನ ಮೇಲೆ ನಿಂತು ನೋಡುತ್ತಾರೆ. ನೊಣ ಎದ್ದದ್ದನ್ನು ಯಾರೂ ನೋಡುವುದಿಲ್ಲ, ಟವೆಲ್ ಬೀಸಿ ಓಡಿಸುತ್ತಾರೆ ಅಷ್ಟೇ. ದನಕ್ಕೆ ಟವೆಲ್ ಎಲ್ಲಿಂದ ಬರಬೇಕು? ಅದಕ್ಕೆ ಇರುವುದು ಒಂದು ಬಾಲ, ಅದೂ ಹೆಗಲ ತನಕ ಮುಟ್ಟುವುದಿಲ್ಲ.

ನಾನು ರೋಹಿಣಿ. ನವಲಗುಂದ ತಾಲ್ಲೂಕಿನ ಎರೆಹೊಲದ ಒಂದು ಊರು ನಮ್ಮದು. ಸಂಘದ ಹೆಂಗಸರು ನನ್ನನ್ನು ಪಶುಸಖಿ ಎಂದು ಆರಿಸಿ ನಾಲ್ಕು ವರ್ಷವಾಯಿತು. ನಾನು ಡಾಕ್ಟರಲ್ಲ. ಊರಿನ ದನಕರುಗಳ ಪಟ್ಟಿ ಇಡುವುದು, ಲಸಿಕೆ ದಿನ ಮನೆಮನೆಗೆ ಹೇಳಿ ಬರುವುದು, ಜಡ್ಡು ಕಂಡರೆ ಡಾಕ್ಟರಿಗೆ ಫೋನು ಮಾಡುವುದು ನನ್ನ ಕೆಲಸ. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟುಕೊಂಡು ನಿಮಗೆ ಬುದ್ಧಿ ಹೇಳಲು ನನಗೆ ಮನಸ್ಸಿಲ್ಲ.

ನಮ್ಮ ಓಣಿಯ ಕಡೆಯ ಮನೆ ಮಲಕಪ್ಪ ಕಾಕಾ ಅವರದು. ವಯಸ್ಸು ಅರವತ್ತರ ಹತ್ತಿರ. ಮಕ್ಕಳಾಗಲಿಲ್ಲ. ಹೆಂಡತಿ ಸಣ್ಣವ್ವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದ ಜೀವ ಎರಡೇ, ಕಾಕಾ ಮತ್ತು ಹೊನ್ನ. ಹೊನ್ನ ಎಂದರೆ ಬಿಳಿ ಕಿಲಾರಿ ಎತ್ತು. ಮನೆಯ ಮುಂದಿನ ಅರ್ಧ ಕೊಟ್ಟಿಗೆ, ಹಿಂದಿನ ಅರ್ಧ ಅಡುಗೆಮನೆ. ಕಾಕಾ ರೊಟ್ಟಿ ಬಡಿಯುತ್ತ ಹೊನ್ನನ ಕೂಡ ಮಾತಾಡುತ್ತಿದ್ದರು. "ಇವತ್ತ ಪಲ್ಲೆಕ್ಕ ಉಪ್ಪ ಜಾಸ್ತಿ ಆತ ನೋಡಲೇ" ಎನ್ನುವುದು ನನಗೆ ರಸ್ತೆಗೇ ಕೇಳಿಸುತ್ತಿತ್ತು.

ಒಮ್ಮೆ ಚೇಷ್ಟೆ ಮಾಡಿದೆ. "ಕಾಕಾ, ಅದು ತಿರುಗಿ ಏನ ಅಂತೈತ್ರಿ?"

"ಅದು ಎದುರ ಮಾತಾಡಂಗಿಲ್ಲ ತಂಗಿ. ಅದಕ್ಕ ನಮ್ಮದು ಇಷ್ಟ ವರ್ಷ ನಡದೈತಿ," ಅಂದರು.

ಆಗ ನಕ್ಕೆ. ಮನೆಗೆ ಬಂದು ನೆನೆಸಿಕೊಂಡಾಗ ನಗು ಬರಲಿಲ್ಲ.

ಒಂದೇ ಎತ್ತಿನಿಂದ ಬೇಸಾಯ ಸಾಗುವುದಿಲ್ಲ. ಹಿಂದಿನ ಓಣಿಯ ಹುಚ್ಚಪ್ಪಣ್ಣನ ಹತ್ತಿರವೂ ಒಂದೇ ಎತ್ತು, ಅದರ ಹೆಸರು ಕೆಂದ. ಇಬ್ಬರೂ ಎತ್ತು ಕೂಡಿಸಿ ಜೋಡಿ ಮಾಡಿಕೊಂಡಿದ್ದರು. ಎರಡು ದಿನ ಇವರ ಹೊಲ, ಎರಡು ದಿನ ಅವರ ಹೊಲ. ಏನೇ ಆಗಲಿ ಪಾಳಿ ತಪ್ಪಿಸುವಂತಿಲ್ಲ. ಮಧ್ಯಾಹ್ನ ಇಬ್ಬರೂ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಕಾಕಾ ಮನುಷ್ಯರ ಜೊತೆ ಕೂತು ಉಣ್ಣುವ ಊಟ ಅದೊಂದೇ. ಜೋಡಿ ಹೂಡದ ದಿನ ಅದೂ ಇಲ್ಲ.

ಆ ವರ್ಷ ಮೇ ತಿಂಗಳ ಮೊದಲ ವಾರ ಊರಿಗೆ ಚರ್ಮಗಂಟು ರೋಗದ ಲಸಿಕೆ ಬಂತು. ನಾನು ಕಾಕಾನ ಬಾಗಿಲಿಗೆ ಹೋದೆ.

"ಕಾಕಾ, ನಾಳೆ ಮುಂಜಾನೆ ಎಂಟಕ್ಕ ಪಂಚಾಯ್ತಿ ಮುಂದ ಡಾಕ್ಟರ್ ಬರ್ತಾರ್ರಿ. ಹೊನ್ನನ್ನ ಹೊಡ್ಕೊಂಡ ಬರ್ರಿ."

"ನಾಳೆ ಆಗಂಗಿಲ್ಲ ತಂಗಿ."

"ಯಾಕ್ರಿ?"

"ಪಾಳಿ ಹುಚ್ಚಪ್ಪಂದ ಐತಿ. ಅವನ ಹೊಲಾ ಹರಗೂದು ಉಳದೈತಿ. ಸೂಜಿ ಚುಚ್ಚಿದ್ರ ಎತ್ತು ಎರಡ ದಿನ ತಲಿ ಎತ್ತಂಗಿಲ್ಲಂತ. ನನ್ನ ಎತ್ತ ಮಲಗಿ ಮಂದಿ ಹೊಲಾ ಕೆಡಬಾರದು."

"ಒಂದೆರಡ ದಿನ ಮೈ ಬಿಸಿ ಆಗಬಹುದ್ರಿ, ಅಷ್ಟ. ಆಮ್ಯಾಲೆ ಮಳಿಗಾಲ ಪೂರ್ತಿ ಧೈರ್ಯ ಇರ್ತೈತಿ."

"ಈಗ ಜಡ್ಡ ಎಲ್ಲಿ ಐತಿ ಹೇಳು? ಊರಾಗ ಒಂದ ದನಾನೂ ಬಿದ್ದಿಲ್ಲ. ಜಡ್ಡ ಬಂದ್ರ ಆಗ ಹಾಕಸೂಣು ಬಿಡು."

ಹುಚ್ಚಪ್ಪಣ್ಣನ ಮನೆಗೆ ಹೋದರೆ ಅಲ್ಲಿಯೂ ಅದೇ ಮಾತು. "ನಾಡಿದ್ದ ಪಾಳಿ ಮಲಕಪ್ಪಂದು. ಒಂಟಿ ಮನಶಾ ಅಂವ. ನನ್ನ ಎತ್ತ ಮಲಗಿದ್ರ ಏನ ಮಾಡ್ಯಾನು?" ಹೀಗೆ ಒಬ್ಬರ ಮರ್ಯಾದೆಗೆ ಒಬ್ಬರು ಕಟ್ಟುಬಿದ್ದು ಎರಡೂ ಎತ್ತು ಲಸಿಕೆ ಇಲ್ಲದೆ ಉಳಿದವು.

ನಾನೇನು ಮಾಡಿದೆ? ವಹಿ ತೆಗೆದು ಎರಡೂ ಹೆಸರಿನ ಮುಂದೆ 'ಒಪ್ಪಲಿಲ್ಲ' ಎಂದು ಬರೆದೆ. ಸಂಜೆ ಮತ್ತೊಮ್ಮೆ ಹೋಗಿ ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ, "ಎರಡೂ ಎತ್ತಿಗಿ ಒಂದ ದಿನ ಹಾಕಸ್ರಿ, ಇಬ್ಬರೂ ಎರಡ ದಿನ ಹೊಲಾ ಬಿಡ್ರಿ" ಎಂದಿದ್ದರೆ ಮಾತು ಮುಗಿಯುತ್ತಿತ್ತು. ಬಿಸಿಲು ಬಹಳವಿತ್ತು, ಇನ್ನೂ ಮೂವತ್ತು ಮನೆ ಉಳಿದಿದ್ದವು. ಹೋಗಲಿಲ್ಲ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಆ ವರ್ಷ ರೋಹಿಣಿ ಚೆನ್ನಾಗಿಯೇ ಬಂತು. ಮಲಕಪ್ಪ ಕಾಕಾ ಮಳೆಯ ಲೆಕ್ಕದಲ್ಲಿ ಊರಿಗೇ ಹೆಸರಾದವರು. ಬಿತ್ತುವ ಮುಂಚೆ ಒಂದು ಹಿಡಿ ಮಣ್ಣು ಹಿಂಡಿ ನೋಡಿ, "ಇನ್ನೊಂದ ದಿನ ತಡೀರಿ, ಹದ ಬಂದಿಲ್ಲ" ಎಂದರೆ ಇಡೀ ಓಣಿ ಕೂರಿಗೆ ಕೆಳಗಿಡುತ್ತಿತ್ತು. ಮಿರಗದ, ಅಂದರೆ ಮೃಗಶಿರಾ ಮಳೆಗೆ ಹೆಸರು ಬಿತ್ತಿ ಮುಗಿಯಿತು. ಎರಡೂ ಹೊಲದಲ್ಲಿ ಒಂದೇ ಎತ್ತರದ ಸಾಲು ಎದ್ದವು.

ಆಮೇಲೆ ಮಳೆ ಹಿಂದೆ ಸರಿಯಿತು. ಹನ್ನೆರಡು ದಿನ ಬಿಸಿಲು, ಮೈಗೆ ಅಂಟುವ ಧಗೆ. ಬೀಸುವ ಗಾಳಿ ಪೂರಾ ನಿಂತಿತ್ತು. ಕಾಕಾನ ತಿಪ್ಪೆ ಹೊನ್ನನ ಗೂಟದಿಂದ ಹತ್ತು ಹೆಜ್ಜೆ ದೂರ. ಎತ್ತು ತಿಂದು ಬಿಟ್ಟ ಜೋಳದ ದಂಟು, ಕಣಿಕೆ ಮಳೆಗೆ ನೆನೆದು, ಸಗಣಿಯ ಜೊತೆ ಕಲೆತು ಅಲ್ಲೇ ಕೊಳೆಯುತ್ತಿತ್ತು. ಬಚ್ಚಲ ನೀರು ಮನೆ ಬಾಜು ಹೊಂಡವಾಗಿ ನಿಂತಿತ್ತು. ಇದು ಕಾಕಾನ ಮನೆಯ ಕಥೆ ಮಾತ್ರ ಅಲ್ಲ. ನಮ್ಮ ಮನೆಯ ಹಿಂದೆಯೂ ಹಾಗೇ ಇತ್ತು.

ಒಂದು ಮುಂಜಾನೆ ಹೊನ್ನ ಮೇವು ಬಿಟ್ಟಿತು. ಕಣ್ಣಲ್ಲಿ ನೀರು ಸೋರುತ್ತಿತ್ತು, ಮೈ ಸುಡುತ್ತಿತ್ತು. ಕಾಕಾ ಪಿತ್ತ ಏರಿದೆ ಎಂದುಕೊಂಡು ಬೇವು ಅರಿಷಿಣ ಅರೆದು ಹಚ್ಚಿದರು. ಮರುದಿನ ಹುಚ್ಚಪ್ಪಣ್ಣನ ಪಾಳಿ, ಸಾಲಿನ ನಡುವಿನ ಕಳೆ ಹೋಗಲು ಎಡೆ ಹೊಡೆಯುವ ಕೆಲಸ. ಪಾಳಿ ತಪ್ಪಿಸಬಾರದೆಂದು ಸುಡುವ ಮೈಯ ಎತ್ತನ್ನು ನೊಗಕ್ಕೆ ಹೂಡಿದರು. ಅರ್ಧ ಹೊಲಕ್ಕೆ ಹೊನ್ನ ಮೊಣಕಾಲು ಊರಿತು. ಮೂರನೇ ದಿನ ಬಿಳಿ ಮೈ ತುಂಬ ಗಂಟು ಎದ್ದವು, ಕೆಲವು ಹುಣಸೆ ಬೀಜದಷ್ಟು, ಕೆಲವು ನಿಂಬೆಕಾಯಿಯಷ್ಟು.

ಸುದ್ದಿ ಓಣಿ ದಾಟಲು ಎಷ್ಟು ಹೊತ್ತು? ಹುಚ್ಚಪ್ಪಣ್ಣ ಕಾಕಾನ ಮನೆಯ ಕಡೆ ಹಾಯುವುದನ್ನೇ ಬಿಟ್ಟರು. ಚಹಾದಂಗಡಿಯಲ್ಲಿ ಕಾಕಾ ಬೆಂಚಿನ ಮೇಲೆ ಕೂತರೆ ಬಾಜು ಇದ್ದವರು ಎದ್ದು ಹೊರಗೆ ನಿಂತರು. "ಗಾಳಿಗೆ ಬರ್ತೈತಂತ", "ಮುಟ್ಟಿದ್ರ ಮನಶಾರಿಗೂ ಬರ್ತೈತಂತ" ಎಂದು ಒಬ್ಬರಿಗಿಂತ ಒಬ್ಬರು ಡಾಕ್ಟರಾದರು. ಯಾರೂ ಬೈಯಲಿಲ್ಲ, ಜಗಳ ಮಾಡಲಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸಿದರು. ಬೈದಿದ್ದರೆ ತಿರುಗಿ ಬೈಯಲಾದರೂ ಒಬ್ಬರು ಇರುತ್ತಿದ್ದರು.

ನಾನು ಆ ವಾರ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದೆ. ಬಂದ ಸಂಜೆ ಆ ಮನೆಯ ಮುಂದೆ ಹಾಯುವಾಗ ರೊಟ್ಟಿ ಬಡಿಯುವ ಸದ್ದು ಕೇಳಿತು. ಮಾತು ಕೇಳಲಿಲ್ಲ. ಒಳಗೆ ಹೋದೆ. ಕಾಕಾ ಒಲೆಯ ಮುಂದೆ ಕೂತಿದ್ದರು, ಹೊನ್ನ ಮೇವಿನ ಗೋದಲಿಯ ಮುಂದೆ ತಲೆ ಇಳಿಬಿಟ್ಟು ನಿಂತಿತ್ತು.

"ಯಾವಾಗಿಂದ್ರಿ ಇದು?"

"ನಾಕ ದಿನ ಆತು."

"ಯಾರಿಗರೆ ಹೇಳಬೇಕೋ ಬ್ಯಾಡೋ?"

"ಹೇಳಾಕ ಯಾರ ಬಂದಾರ ತಂಗಿ," ಅಂದರು.

ನಾನು ಅಲ್ಲೇ ನಿಂತು 1962ಕ್ಕೆ ಫೋನು ಹಚ್ಚಿದೆ. ದನಕರುಗಳ ಜಡ್ಡಿಗೆ ಕರೆಯುವ ನಂಬರು ಅದು, ದುಡ್ಡು ಬೀಳುವುದಿಲ್ಲ. ಮರುದಿನ ಮುಂಜಾನೆ ಡಾಕ್ಟರ್ ಕೃಷ್ಣಾ ಮೇಡಂ ಗಾಡಿಯಲ್ಲಿ ಬಂದರು. ಜ್ವರ ನೋಡಿದರು, ಗಂಟು ಮುಟ್ಟಿ ನೋಡಿದರು, ಸೂಜಿ ಮಾಡಿದರು, ಒಡೆದ ಗಂಟಿಗೆ ಔಷಧಿ ಹಚ್ಚಿದರು.

ಕಾಕಾ ಕೇಳಿದರು, "ಈಗರೆ ಆ ಲಸಿಕಿ ಹಾಕ್ರಿ ಮೇಡಂ."

"ಜಡ್ಡ ಬಿದ್ದ ದನಕ್ಕ ಲಸಿಕಿ ಹಾಕಂಗಿಲ್ರಿ ಯಜಮಾನ್ರ. ಅದು ಮೊದಲ ಹಾಕೂದು. ಹಾಕಿದ ಮ್ಯಾಲೂ ಮೈಯಾಗ ಶಕ್ತಿ ಕೂಡಾಕ ಮೂರ ವಾರ ಬೇಕು. ಅದಕ್ಕ ಮಳಿ ಬರೂಕಿಂತ ಮೊದಲ ಹಾಕಸ್ರಿ ಅಂತ ಬಡಕೋತೇವಿ."

ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಯಿತು ನಮ್ಮ ಪಾಡು. ಕಾಕಾ ಮತ್ತೆ ಕೇಳಿದರು, "ನನ್ನ ಎತ್ತ ಊರ ಬಿಟ್ಟ ಎಲ್ಲೂ ಹೋಗಿಲ್ಲ. ಕೆಂದನ್ನ ಬಿಟ್ಟ ಯಾರ ದನದ ಮೈಗೂ ಮೈ ಹಚ್ಚಿಲ್ಲ. ಹೆಂಗ ಬಂತ್ರಿ ಇದು?"

"ನಿಮ್ಮ ಎತ್ತ ಹೋಗಿಲ್ಲ, ನೊಣ ಬಂದೈತ್ರಿ. ಇದು ಕಣ್ಣಿಗೆ ಕಾಣದ ವೈರಾಣು ಜಡ್ಡು. ಬಾಜು ಊರಾಗ ಎರಡ ದನಕ್ಕ ಆಗಲೇ ಆಗೈತಿ. ಅಲ್ಲಿ ಕಚ್ಚಿದ ನೊಣ, ಸೊಳ್ಳಿ ಇಲ್ಲಿ ಬಂದ ಕಚ್ಚಿದ್ರ ಮುಗೀತು. ಉಣ್ಣಿನೂ ಅಂಟಸತಾವ. ಜಡ್ಡ ಇದ್ದ ದನಾ ಸಂತ್ಯಾಗಿಂದ ಹೊಡ್ಕೊಂಡ ಬಂದ್ರೂ ಬರ್ತೈತಿ."

"ನೊಣ ಯಾವಾಗಲೂ ಇರ್ತಾವಲ್ರಿ. ಈಗ ಯಾಕ?"

"ಬ್ಯಾಸಗಿ ಒಣ ಬಿಸಲಾಗ ನೊಣದ ಹುಳಾ ಒಣಗಿ ಸಾಯ್ತಾವ. ಜೋರ ಮಳಿಯಾಗ ತೊಳದ ಹೋಗ್ತಾವ. ಚಳಿಗಾಲದಾಗ ಬೆಳಿಯೂದು ತಡಾ ಆಗ್ತೈತಿ. ಆದ್ರ ಮಳಿ ಬಂದು, ನಿಂತು, ಧಗಿ ಬಿತ್ತಂದ್ರ ಹಸಿನೂ ಐತಿ, ಬಿಸಿನೂ ಐತಿ. ನಿಂತ ನೀರಾಗ ಸೊಳ್ಳಿ, ಕೊಳತ ಕಣಿಕ್ಯಾಗ ನೊಣ ಎರಡ ಮೂರ ವಾರದಾಗ ಸಾವಿರ ಆಗ್ತಾವ."

ಕಾಕಾ ತಿಪ್ಪೆಯ ಹತ್ತಿರ ಹೋದರು. ಬಗ್ಗಿ, ಒದ್ದೆ ಕಣಿಕೆಯನ್ನು ಒಂದು ಹಿಡಿ ತೆಗೆದುಕೊಂಡು, ಬಿತ್ತುವ ಮುಂಚೆ ಮಣ್ಣು ಹಿಂಡುತ್ತಾರಲ್ಲ, ಹಾಗೆ ಹಿಂಡಿ ನೋಡಿದರು. ಕೈ ಬಿಡಿಸಿದಾಗ ಅಂಗೈಯಲ್ಲಿ ಬಿಳಿ ಹುಳ ಹೊರಳಾಡುತ್ತಿದ್ದವು.

"ಇದು ಹದ," ಅಂದರು. "ನೊಣಕ್ಕೂ ಹದ ಬರ್ತೈತಿ. ನಲವತ್ತ ವರ್ಷ ಮಳಿ ನೋಡೇನಿ ತಂಗಿ. ಇದನ್ನ ನೋಡಲಿಲ್ಲ."

ಅವರು ಒಂದು ಮಾತಿನಲ್ಲಿ ಹೇಳಿದ್ದನ್ನು ನಾನು ನಾಲ್ಕು ತರಬೇತಿಯಲ್ಲಿ ಬರೆದುಕೊಂಡಿದ್ದೆ, ಒಬ್ಬರಿಗೂ ತಿಳಿಯುವ ಹಾಗೆ ಹೇಳಿರಲಿಲ್ಲ.

ಮೇಡಂ ಹೇಳಿದಂತೆ ಹೊನ್ನನನ್ನು ಊರ ದನಗಳಿಂದ ದೂರ, ಕಾಕಾನ ಹೊಲದ ಬೇವಿನ ಕೆಳಗೆ ಕಟ್ಟಿದೆವು. ಬೇರೆ ಬಕೆಟ್ಟು, ಬೇರೆ ಮೇವು. ನೊಣ ಬಾರದಂತೆ ಸುತ್ತ ಪರದೆ ಕಟ್ಟಬೇಕಿತ್ತು. ನಾನು ಸೊಳ್ಳೆ ಪರದೆ ತರುತ್ತೇನೆ ಎನ್ನುವಷ್ಟರಲ್ಲಿ ಕಾಕಾ ಪೆಟ್ಟಿಗೆ ತೆಗೆದು ಸಣ್ಣವ್ವನ ಮೂರು ತೆಳು ಸೀರೆ ತಂದರು. "ಇಟ್ಟ ಏನ ಮಾಡ್ಲಿ," ಎನ್ನುತ್ತ ಕೋಲು ನೆಟ್ಟು ಸುತ್ತ ಕಟ್ಟಿದರು. ಬೆಳಿಗ್ಗೆ ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿದರು. ಹೊನ್ನ ಮನೆ ಬಿಟ್ಟು ಹೊರಗೆ ಒಂಟಿಯಾಗಿ ನಿಂತ ಎತ್ತಲ್ಲ. ಕತ್ತು ತಿರುಗಿಸಿ ಊರ ಕಡೆ ನೋಡುತ್ತಿತ್ತು. ಕಾಕಾ ಅದರ ಎದುರು ಕೂತು ಅವರೂ ಊರ ಕಡೆ ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಹುಚ್ಚಪ್ಪಣ್ಣನ ಮನೆಗೆ ಹೋದೆ.

"ಅಣ್ಣಾ, ಎತ್ತು ದೂರ ಕಟ್ರಿ ಅಂತ ಹೇಳ್ಯಾರ. ಮನಶಾನ್ನ ದೂರ ಕಟ್ರಿ ಅಂತ ಯಾರ ಹೇಳ್ಯಾರ?"

"ಕೆಂದಗೂ ಬಂದೀತು ಅಂತ ಅಂಜಿಕಿ ಬೇ. ಅದೊಂದ ಐತಿ ನನ್ನ ಹಂತ್ಯಾಕ."

"ಅವರ ಹಂತ್ಯಾಕನೂ ಅದೊಂದ ಇತ್ತಲ್ರಿ. ಈ ಜಡ್ಡು ಮನಶಾರಿಗಿ ಬರಂಗಿಲ್ಲ, ಡಾಕ್ಟರ್ ಹೇಳ್ಯಾರ. ಹೊನ್ನನ್ನ ಮುಟ್ಟಬ್ಯಾಡ್ರಿ, ದೂರ ಕೂಡ್ರಿ. ಬಂದ ಮ್ಯಾಲೆ ಕೈ ಕಾಲು ಸಾಬಾಣ ಹಚ್ಚಿ ತೊಳೀರಿ, ಉಟ್ಟ ಅರಬಿ ಬದಲಿ ಮಾಡ್ರಿ, ಆಮ್ಯಾಲೆ ಕೆಂದನ ಹಂತ್ಯಾಕ ಹೋಗ್ರಿ. ಮತ್ತ ನಾಳೆ ಮೇಡಂ ಬರ್ತಾರ. ಊರಾಗ ಚಲೋ ಇದ್ದ ದನಕ್ಕೆಲ್ಲಾ ಲಸಿಕಿ ಹಾಕ್ತಾರ. ಕೆಂದಗ ಹಾಕಸ್ರಿ."

ಹುಚ್ಚಪ್ಪಣ್ಣ ಅಂಗಳ ನೋಡುತ್ತ ನಿಂತರು. "ಅವತ್ತ ಜ್ವರದಾಗ ನೊಗಕ್ಕ ಬಂದಿತ್ತು ಅದು, ನನ್ನ ಪಾಳಿ ಅಂತ. ನಾನೂ ನೋಡಲಿಲ್ಲ," ಅಂದರು. ಮರುದಿನ ಕೆಂದನಿಗೆ ಲಸಿಕೆ ಹಾಕಿಸಿದರು. ಕಾಕಾನ ಹತ್ತಿರ ಹೋಗಲು ಮಾತ್ರ ಕಾಲು ಏಳಲಿಲ್ಲ. ನಾಚಿಕೆಗೆ ಲಸಿಕೆ ಇಲ್ಲ ನೋಡಿ.

ಚರ್ಮಗಂಟು ಬಂದ ದನಗಳಲ್ಲಿ ಹೆಚ್ಚಿನವು ಬದುಕುತ್ತವೆ. ಬೇಗ ಔಷಧಿ ಮಾಡಿ, ಮೆತ್ತಗಿನ ಮೇವು, ನೀರು ಕೊಟ್ಟು ನೋಡಿಕೊಂಡರೆ ಎದ್ದು ನಿಲ್ಲುತ್ತವೆ. ಹೊನ್ನ ಏಳಲಿಲ್ಲ. ವಯಸ್ಸಾಗಿತ್ತು, ಜ್ವರದಲ್ಲಿ ದುಡಿದಿತ್ತು, ನಾಲ್ಕು ದಿನ ತಡವಾಗಿತ್ತು. ಹತ್ತನೇ ದಿನ ಹೊತ್ತು ಏರುವ ಮುಂಚೆ ಬೇವಿನ ಕೆಳಗೆ ಕತ್ತು ಚಾಚಿತು. ಮೇಡಂ ಮಾಡಬೇಕಾದ್ದನ್ನೆಲ್ಲ ಮಾಡಿದ್ದರು.

ಆಳವಾಗಿ ತಗ್ಗು ತೋಡಿ, ಸುಣ್ಣ ಹಾಕಿ ಮುಚ್ಚಬೇಕು ಎಂದು ಮೇಡಂ ಫೋನಿನಲ್ಲಿ ಹೇಳಿದರು. ಕಾಕಾ ಒಬ್ಬರೇ ಸಲಿಕೆ ಹಿಡಿದು ನಿಂತಿದ್ದರು. ಎರೆಮಣ್ಣು ಒಬ್ಬರ ಕೈಗೆ ಬಗ್ಗುವ ಮಣ್ಣಲ್ಲ. ಆಗ ಬದುವಿನ ಮೇಲೆ ಹುಚ್ಚಪ್ಪಣ್ಣ ಬಂದರು, ಹೆಗಲ ಮೇಲೆ ಗುದ್ದಲಿ. ಹಿಂದೆ ಓಣಿಯ ನಾಲ್ಕು ಜನ. ಬಂದವರೇ ತೋಡಲು ಇಳಿದರು. ತಗ್ಗು ಎದೆಯ ಮಟ್ಟ ಆದ ಮೇಲೆ ಹುಚ್ಚಪ್ಪಣ್ಣ ಒಂದೇ ಮಾತು ಹೇಳಿದರು, "ತಡಾ ಮಾಡಿ ಬಂದೆ."

"ಬಂದಿಯಲ್ಲ," ಅಂದರು ಕಾಕಾ.

ಮೂರು ವಾರ ನಾನು ದಿನಾ ಕೆಂದನ ಮೈ ಸವರಿ ನೋಡಿದೆ. ಒಂದು ಗಂಟೂ ಏಳಲಿಲ್ಲ. ಓಣಿಯವರು ತಿಪ್ಪೆಗಳನ್ನು ಊರ ಹೊರಗೆ ಸಾಗಿಸಿದರು, ನಿಂತ ನೀರಿಗೆ ಕಾಲುವೆ ತೆಗೆದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಉರಿಯಿತಲ್ಲ. ಕಾಕಾನ ಮನೆಯಲ್ಲಿ ಮಾತ್ರ ಗೋದಲಿ ಖಾಲಿ. ರೊಟ್ಟಿ ಬಡಿಯುವ ಸದ್ದಿನ ಹಿಂದೆ ಯಾವ ಮಾತೂ ರಸ್ತೆಗೆ ಬರಲಿಲ್ಲ. ಆ ವರ್ಷವೆಲ್ಲ ನಾನು ಆ ಮನೆಯ ಮುಂದೆ ನಡಿಗೆ ನಿಧಾನ ಮಾಡಿ ಕಿವಿ ಕೊಡುತ್ತಿದ್ದೆ.

ಮರುವರ್ಷ ಮೇ ಬಂತು. ನಾನು ಯಾರ ಬಾಗಿಲಿಗೂ ಹೋಗುವ ಮುಂಚೆಯೇ ಕಾಕಾ ಓಣಿ ಓಣಿ ತಿರುಗಿದ್ದರು. "ರೋಣಿ ಮಳಿ ಬರಾಕ ಮೂರ ವಾರ ಐತಿ. ಈಗ ಹಾಕಸ್ರಿ. ಬೀಜಕ್ಕ ಹದ ನೋಡ್ತೀರಿ, ನೊಣದ ಹದಾನೂ ನೋಡ್ರಿ. ಪಾಳಿ ಗೀಳಿ ಅನಬ್ಯಾಡ್ರಿ, ಎರಡ ದಿನ ಹೊಲ ಎಲ್ಲಿಗೂ ಓಡಿ ಹೋಗಂಗಿಲ್ಲ." ಎತ್ತಿಲ್ಲದ ಮನುಷ್ಯ ಎತ್ತಿನ ಲಸಿಕೆಗೆ ಕರೆಯುತ್ತಿದ್ದಾರೆ. ಯಾರಿಗೂ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಲಸಿಕೆಯ ಮುಂಜಾನೆ ಎಂಟಕ್ಕೆ ಇನ್ನೂ ಹೊತ್ತಿತ್ತು. ಸಾಲಿನಲ್ಲಿ ಮೊದಲು ನಿಂತವರು ಮಲಕಪ್ಪ ಕಾಕಾ. ಕೈಯಲ್ಲಿ ಕೆಂದನ ಹಗ್ಗ. ಬಾಜು ಹುಚ್ಚಪ್ಪಣ್ಣ ಬರಿಗೈಯಲ್ಲಿ ನಿಂತಿದ್ದರು. ನಾನು ವಹಿ ತೆಗೆದೆ.

"ಯಜಮಾನ್ರ ಹೆಸರು ಯಾರದು ಬರೀಲ್ರಿ?"

"ಇಬ್ಬರದೂ ಬರಿ," ಅಂದರು ಹುಚ್ಚಪ್ಪಣ್ಣ. "ನನ್ನ ಮನ್ಯಾಗ ಅದು ಸುಮ್ಮ ನಿಂತಿರ್ತೈತಿ. ಇವತ್ತಿಂದ ಅಂವನ ಮನ್ಯಾಗ ಕಟ್ತೇವಿ."

ಸೂಜಿ ಚುಚ್ಚಿದಾಗ ಕೆಂದ ಒಂದು ಸಲ ಒದರಿತು. "ಸುಮ್ಮನಿರಲೇ, ಆತು," ಅಂದರು ಕಾಕಾ. ಅವರು ಎತ್ತಿನ ಕೂಡ ಮಾತಾಡಿದ್ದನ್ನು ನಾನು ಹತ್ತು ತಿಂಗಳ ಮೇಲೆ ಮೊದಲ ಸಲ ಕೇಳಿದೆ. ಬರೆಯುತ್ತಿದ್ದ ಅಕ್ಷರ ನನ್ನ ಕಣ್ಣಿಗೆ ಮಸುಕಾಯಿತು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರು ಎದ್ದು ಒಮ್ಮೆ ನಿಮ್ಮ ತಿಪ್ಪೆ ನೋಡಿ ಬನ್ನಿ. ಕೊಟ್ಟಿಗೆಯ ಹತ್ತಿರವಿದ್ದರೆ ದೂರ ಸಾಗಿಸಿ, ನಿಂತ ನೀರಿಗೆ ದಾರಿ ಮಾಡಿ. ಮಳೆ ನಿಂತು ಧಗೆ ಬಿದ್ದ ವಾರಗಳಲ್ಲಿ ದಿನಾ ದನದ ಮೈ ಮೇಲೆ ಕೈ ಆಡಿಸಿ. ಜ್ವರ ಬಂದ ಎತ್ತನ್ನು ಯಾರ ಪಾಳಿಗೂ ಹೂಡಬೇಡಿ. ಗಂಟು ಕಂಡ ದಿನವೇ ಬೇರೆ ಕಟ್ಟಿ, 1962ಕ್ಕೆ ಫೋನು ಮಾಡಿ. ದನವನ್ನು ದೂರ ಕಟ್ಟಿ, ಅದರ ಯಜಮಾನನನ್ನು ದೂರ ಮಾಡಬೇಡಿ, ಅವನ ಮನೆಗೆ ಹೋಗಿ ಬನ್ನಿ.

ಲಸಿಕೆಯನ್ನು ಮಳೆಗಿಂತ ಮೂರು ವಾರ ಮೊದಲೇ ಹಾಕಿಸಿ. ನಿಮ್ಮೂರಲ್ಲೂ ನನ್ನಂಥ ಒಬ್ಬಳು ವಹಿ ಹಿಡಿದು ಬರುತ್ತಾಳೆ. ನೀವು ಬೇಡವೆಂದರೆ ಸಂಜೆಗೆ ಮತ್ತೆ ಬರುತ್ತಾಳೆ. ನಾನು ಈಗ ಹಾಗೇ ಬರುತ್ತೇನೆ. ಬಾಗಿಲು ತೆಗೆಯಿರಿ.